ಬಾಯಿ ಹೋದ ಟೇಪು

ನಮ್ಮ ಮನೆಯ ಅಳತೆ ಟೇಪಿಗೆ ಬಾಯಿ ಇಲ್ಲ. ತುದಿಯ ಕೊಕ್ಕೆ ಯಾವ ಕಾಲದಲ್ಲೋ ಮುರಿದುಹೋಗಿದೆ, ಮೊದಲ ಆರೇಳು ಸೆಂಟಿಮೀಟರು ಮಡಚಿ ಮಡಚಿ ಅಂಕಿಯೇ ಕಾಣದಂತಾಗಿದೆ. ಹೊಸದು ತರೋಣ ಎಂದರೆ ಅಪ್ಪ ಒಪ್ಪುವುದಿಲ್ಲ. "ಬಾಯಿ ಹೋದ್ರ ಏನಾತು, ಮೈ ಗಟ್ಟಿ ಐತಿ" ಎನ್ನುತ್ತಾನೆ.

ಅಪ್ಪ ಗೌಂಡಿ. ಬಾಗಲಕೋಟೆ ಕಡೆಯಿಂದ ಗೋವೆಯ ವಾಸ್ಕೋಕ್ಕೆ ಬಂದು ಮಂಗೋರ್ ಹಿಲ್‌ನಲ್ಲಿ ನೆಲೆ ನಿಂತವನು. ನಾನು ಹತ್ತನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಅವನ ಜೊತೆಗೇ ಕೆಲಸಕ್ಕೆ ಹೊರಟೆ. ನನಗೆ ಸಿಕ್ಕ ಮೊದಲ ಕೆಲಸ ಟೇಪಿನ ತುದಿ ಹಿಡಿಯುವುದು. ಬಾಯಿ ಇಲ್ಲದ ಟೇಪಿನಲ್ಲಿ ಅಳೆಯುವ ಕ್ರಮ ಗೌಂಡಿಗಳಿಗೆಲ್ಲ ಗೊತ್ತು. ತುದಿಯನ್ನು ಗೋಡೆಗೆ ಹಚ್ಚುವ ಬದಲು ಹತ್ತು ಸೆಂಟಿಮೀಟರಿನ ಗೆರೆಯನ್ನು ಹಚ್ಚಿ ಹಿಡಿಯಬೇಕು. ಆ ಕಡೆ ಓದುವವನು ಬಂದ ಅಂಕಿಯಲ್ಲಿ ಹತ್ತು ಕಳೆಯಬೇಕು. ಇದಕ್ಕೆ ನಾವು 'ಹತ್ತು ಕಟ್' ಅನ್ನುತ್ತೇವೆ. ಮೊದಮೊದಲು ಅಪ್ಪ ಪ್ರತಿ ಸಲ "ಕಟ್ ಎಷ್ಟ?" ಎಂದು ಕೂಗಿ ಕೇಳುತ್ತಿದ್ದ. ನಾನು "ಹತ್ತ" ಅನ್ನುತ್ತಿದ್ದೆ. ವರ್ಷ ಕಳೆದಂತೆ ಕೇಳುವುದನ್ನು ಬಿಟ್ಟ. ನನ್ನ ಹೆಬ್ಬೆರಳು ತಾನಾಗಿ ಹತ್ತರ ಗೆರೆಗೆ ಹೋಗಿ ಕೂರುತ್ತಿತ್ತು, ಅವನ ನಾಲಿಗೆ ತಾನಾಗಿ ಹತ್ತು ಕಳೆದು ಹೇಳುತ್ತಿತ್ತು. ಅಷ್ಟು ಮನೆ ಕಟ್ಟಿದ್ದೇವೆ, ಚೌಕಟ್ಟಿಗೆ ಕೂರದ ಬಾಗಿಲು ಒಂದೂ ಇಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಇದೇ ಹೆಬ್ಬೆರಳಿನಿಂದ ನಾನು ಕಾಡಿನೊಳಗೆ ಒಂದು ವಾಡೆಯ, ಎಂದರೆ ಸಣ್ಣ ಹಳ್ಳಿಯ, ಬಾವಿಯನ್ನು ಬಂಡೆಯ ಪಾಲು ಮಾಡಲಿಕ್ಕೆ ಹೊರಟಿದ್ದೆ.

ಗವಿ ಅಳೆಯುವ ಕೆಲಸ ನನಗೆ ಸಿಕ್ಕಿದ್ದು ಮಡಗಾಂವದ ಒಂದು ಅಡುಗೆಮನೆಯಲ್ಲಿ. ಮನೆಯ ಯಜಮಾನರು ಕಾಲೇಜಿನಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಕಲಿಸಿ ನಿವೃತ್ತರಾದವರು. ನಾವು ಟೈಲ್ಸ್ ಹಾಕುತ್ತಿದ್ದೆವು. ಕಟ್ಟೆಯ ಕೆಳಗಿನ ಸಂದಿಯಲ್ಲಿ ಅಳತೆ ತೆಗೆಯಲು ಗಂಡಸರು ಯಾರ ಮೈಯೂ ತೂರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ತೆವಳಿ ಹೋಗಿ ತೆಗೆದುಕೊಂಡು ಬಂದೆ. ಯಜಮಾನರು ನಿಂತು ನೋಡುತ್ತಿದ್ದರು. ಕತ್ತಲೆಂದರೆ ಹೆದರಿಕೆಯೇ ಎಂದು ಹಿಂದಿಯಲ್ಲಿ ಕೇಳಿದರು. ಕತ್ತಲೆಗೇನು ಹಲ್ಲಿದೆಯಾ ಸರ್ ಎಂದೆ. ಮುಂದಿನ ದೀಪಾವಳಿ ಕಳೆದದ್ದೇ ನನ್ನನ್ನು ಕಾಡಿಗೆ ಕರೆಸಿಕೊಂಡರು.

ಗವಿ ಕೆಲಸಕ್ಕೆ ಹಂಗಾಮು ಇದೆ. ದೀಪಾವಳಿಯಿಂದ ಮೊದಲ ಮಳೆಯವರೆಗೆ. ಮಳೆ ಹಿಡಿದ ಮೇಲೆ ಗವಿಗಳೆಲ್ಲ ನೀರಿನವು. ಗೋವೆಯ ತೆಂಕಣ ಮೂಡಣದ ಮೂಲೆಯಲ್ಲಿ, ಘಟ್ಟದ ಬುಡದಲ್ಲಿ, ಕೊನೆಯ ಬಸ್ ಸ್ಟಾಪಿನಿಂದ ಎರಡು ತಾಸು ನಡೆಯುವಷ್ಟು ಒಳಗಿನ ಕಾಡು. ಮೇಲೆಲ್ಲ ಚಿರೇಕಲ್ಲು, ನಾವು ಮನೆ ಕಟ್ಟುವ ಅದೇ ಕೆಂಪು ಕಲ್ಲು. ಅದರ ಕೆಳಗೆ ಅಲ್ಲಲ್ಲಿ ಸುಣ್ಣದ ಕಲ್ಲಿನ ಪದರ. ಆ ಪದರವನ್ನು ಮಳೆ ನೀರು ತಿಂದು ತಿಂದು ಗವಿ ಮಾಡಿದೆ ಎಂದು ಸರ್ ಹೇಳುತ್ತಿದ್ದರು. ಜೀವನವೆಲ್ಲ ಕಲ್ಲಿನ ಮೇಲೆ ಕಲ್ಲಿಟ್ಟವಳಿಗೆ ಕಲ್ಲಿನ ಒಳಗೆ ಹೋಗಿ ಮಲಗುವುದು ಭಾಳ ಮಜಾ ಅನಿಸಿತು. ಖರೇ ಹೇಳುತ್ತೇನೆ, ಮೊದಲ ದಿನವೇ ನನಗೆ ಆ ಕೆಲಸ ಹಿಡಿಸಿಬಿಟ್ಟಿತು.

ನಾವು ಮೂವರು. ಸರ್ ಒಬ್ಬರು. ಅವರ ಹೊಟ್ಟೆ ಇಕ್ಕಟ್ಟಿನ ಜಾಗದಲ್ಲಿ ತೂರುತ್ತಿರಲಿಲ್ಲ. ಅಂಥಲ್ಲಿ ಈಚೆಗೇ ಕೂತು, ಒಳಗಿನಿಂದ ಕೂಗಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇನ್ನೊಬ್ಬಳು ಧಾರವಾಡದಿಂದ ಬಂದಿದ್ದ ಹುಡುಗಿ, ಗವಿಗಳ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದಳು. ನನ್ನನ್ನು ಅಕ್ಕಾರ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ. ಟೇಪಿನ ತುದಿ ನನ್ನದು, ಓದುವುದು ಅವಳದು. ನಾನು ಒಂದು ಗುರುತಿನ ಮೇಲೆ ತುದಿ ಹಿಡಿದು "ಹಿಡದೇನಿ" ಎಂದು ಕೂಗಬೇಕು. ಅವಳು ಮುಂದಿನ ತಿರುವಿನವರೆಗೆ ಟೇಪು ಎಳೆದುಕೊಂಡು ಹೋಗಿ, ಅಲ್ಲೊಂದು ಗುರುತು ಹಾಕಿ, ಅಂಕಿ ಓದಿ, ದಿಕ್ಸೂಚಿ ನೋಡಿ, ಇಳಿಜಾರು ನೋಡಿ ಕೂಗುತ್ತಾಳೆ. ಸರ್ ಅದನ್ನು ತಿರುಗಿ ಕೂಗಿ ಬರೆದುಕೊಳ್ಳುತ್ತಾರೆ. ಕೂಗಿದ ಪ್ರತಿ ಅಂಕಿಯನ್ನೂ ತಿರುಗಿ ಕೂಗಲೇಬೇಕು, ಅದು ಅವರ ನಿಯಮ. ಗುರುತು ಹಾಕುವುದು ಉಗುರು ಬಣ್ಣದಲ್ಲಿ. ಕಲ್ಲಿಗೆ ಗಟ್ಟಿಯಾಗಿ ಕೂರುತ್ತದೆ, ಒಂದು ಹನಿ ಸಾಕು. ವಾಸ್ಕೋ ಮಾರ್ಕೆಟ್ಟಿನಲ್ಲಿ ಒಂದೇ ಸಲ ನಾಲ್ಕು ಬಾಟಲಿ ಕೆಂಪು ಉಗುರು ಬಣ್ಣ ಕೊಂಡಾಗ ಅಂಗಡಿಯವಳು ನನ್ನ ಒಡೆದ ಉಗುರು ನೋಡಿ ನಕ್ಕಿದ್ದಳು.

"ಅಕ್ಕಾರ, ಸೆಳದು ಹಿಡೀರಿ, ಟೇಪು ಹೊಟ್ಟಿ ಬಿಟ್ಟೈತಿ" ಎಂದು ಆ ಹುಡುಗಿ ಕೂಗುವಳು.

"ನಿಮ್ಮ ಸರ್‌ಗಿಂತ ಕಡಿಮಿ ಐತಿ ಬಿಡವಾ" ಎಂದು ನಾನು ಕೂಗುವೆ.

ಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅದೂ ಒಂದು ಅಂಕಿ ಎಂದುಕೊಂಡು ತಿರುಗಿ ಕೂಗಲು ಹೋಗಿ ತಡವರಿಸುತ್ತಿದ್ದರು. ನಾವಿಬ್ಬರೂ ಮಣ್ಣಿನಲ್ಲಿ ಮುಖ ಒತ್ತಿಕೊಂಡು ನಗುತ್ತಿದ್ದೆವು.

ಮೂರನೆಯ ಹಂಗಾಮಿನಲ್ಲಿ ನಾವು ಆ ವಾಡೆಗೆ ಹೋದೆವು. ಹನ್ನೊಂದು ಮನೆಯ ವಾಡೆ, ಕೊಂಕಣಿ ಮಾತನಾಡುವ ಜನ. ಅವರ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಉಳಿಯಲು ಗೇರುಬೀಜ ಒಣಗಿಸುವ ಶೆಡ್ಡು ಕೊಟ್ಟರು. ಪಕ್ಕದ ಮನೆಯ ಹೆಂಗಸು ನನ್ನದೇ ವಯಸ್ಸಿನವಳು. ನಾನು ಅವಳನ್ನು ಅತ್ತಿಗೆಯನ್ನು ಕರೆಯುವಂತೆ ವೈನಿ ಎಂದೆ, ಅವಳು ನನ್ನನ್ನು ತಂಗಿಯನ್ನು ಕರೆಯುವಂತೆ ಬಾಯ್ ಎಂದಳು, ಅಷ್ಟಕ್ಕೇ ನಂಟು ಬೆಳೆಯಿತು. ಅವಳ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ರೊಟ್ಟಿ ತಟ್ಟುವಾಗ ಆ ಕೈ ತಿರುಗುತ್ತಿರಲಿಲ್ಲ.

ಆ ಕೈ ಮುರಿದದ್ದು ಗವಿಯೊಳಗೆ. ವಾಡೆಯ ಝರಿ ಹೋಳಿಯ ಹೊತ್ತಿನ ಶಿಗ್ಮೊ ಹಬ್ಬಕ್ಕೆ ಒಣಗುತ್ತದೆ. ಅಲ್ಲಿಂದ ಮಳೆಯವರೆಗೆ ನೀರು ಇರುವುದು ಗವಿಯ ಕೊನೆಯಲ್ಲಿ ಮಾತ್ರ. ಬಾಗಿಲಲ್ಲಿ ಬಾವಲಿಗಳ ಕೋಣೆ, ಆಮೇಲೆ ಹೊಟ್ಟೆಯ ಮೇಲೆ ತೆವಳುವ ಇಕ್ಕಟ್ಟು, ಆಮೇಲೆ ಹಾವಿನಂತೆ ಸುತ್ತುವ ಓಣಿ, ಎಲ್ಲಾ ಮುಗಿದ ಮೇಲೆ ನಾಲ್ಕು ಹೆಜ್ಜೆ ಉದ್ದದ ಒಂದು ಹೊಂಡ. ಹೊಂಡದ ಹಿಂದೆ ಗೋಡೆ. ಅಲ್ಲಿಗೆ ಗವಿ ಮುಗಿಯಿತು. ಹೊಂಡದ ನೀರು ಮಾತ್ರ ಎಂಥ ಬೇಸಗೆಯಲ್ಲೂ ಇಳಿಯುವುದಿಲ್ಲ. ಹೆಂಗಸರು ಸರದಿಯ ಮೇಲೆ ಒಳಗೆ ಹೋಗಿ, ಕ್ಯಾನು ತುಂಬಿ, ಇಕ್ಕಟ್ಟಿನಲ್ಲಿ ಅದನ್ನು ಮುಂದೆ ತಳ್ಳುತ್ತ ತೆವಳಿಕೊಂಡು ಈಚೆ ಬರುತ್ತಿದ್ದರು. ಹಿಂದಿನ ವರ್ಷ ಜಾರಿ ಕ್ಯಾನು ಕೈಯ ಮೇಲೆ ಕೂತು ವೈನಿಯ ಮಣಿಕಟ್ಟು ಮುರಿದಿತ್ತು. ನಾವು ಹೋದಾಗ ಅವಳ ಹಿರಿಯ ಮಗಳಿಗೆ ಹದಿನೈದು. ಮುಂದಿನ ವರ್ಷದಿಂದ ಆ ಸರದಿ ಮಗಳಿಗೆ.

"ನನ್ನ ಕೈ ಹೋದರೆ ಹೋಗಲಿ. ಅವಳನ್ನು ಮಾತ್ರ ಆ ತೂತಿನೊಳಗೆ ಕಳಿಸಲಾರೆ ಬಾಯ್" ಎಂದು ವೈನಿ ಹೇಳಿದಳು.

ಉಪಾಯ ಹೇಳಿದವರು ಸರ್. ಗವಿಯ ನಕ್ಷೆ ಸರಿಯಾಗಿ ಬಂದರೆ, ಮೇಲಿನ ಕಾಡಿನಲ್ಲಿ ಯಾವ ಜಾಗದ ಕೆಳಗೆ ಹೊಂಡವಿದೆ ಎಂದು ಬೆರಳಿಟ್ಟು ತೋರಿಸಬಹುದು. ಅಲ್ಲಿ ನೆಟ್ಟಗೆ ಬಾವಿ ತೋಡಿದರೆ ನೀರನ್ನು ಹಗ್ಗದಲ್ಲಿ ಸೇದಬಹುದು. ಯಂತ್ರ ಆ ದಾರಿಯಲ್ಲಿ ಬರುವಂತಿಲ್ಲ, ಬಾವಲಿಗಳಿವೆ ಎಂದು ಮದ್ದು ಸಿಡಿಸುವಂತಿಲ್ಲ. ಹಾರೆ, ಪಿಕಾಸಿ, ಉಳಿಯಲ್ಲೇ ನಾಲ್ಕು ಆಳು ಆಳ ಇಳಿಯಬೇಕು. ವಾಡೆಯ ಗಂಡಸರು ಗೇರು ತೋಟದ ಕೆಲಸ ಬಿಟ್ಟು ಶಿಗ್ಮೊದಿಂದ ಮಳೆಯವರೆಗೆ ದುಡಿದರೆ ಒಂದು ಬಾವಿ ಆಗುತ್ತದೆ. ಎರಡನೆಯದಕ್ಕೆ ಯಾರ ರಟ್ಟೆಯಲ್ಲೂ ಬಲ ಉಳಿಯುವುದಿಲ್ಲ. ಅರಣ್ಯ ಇಲಾಖೆಯವರೂ ಗವಿಯ ಮೇಲಿನ ಕಾಡಿನಲ್ಲಿದ್ದ ಒಂದು ಮತ್ತಿ ಮರದ ಹತ್ತಿರ ಒಂದು ಬಾವಿಗೆ ಒಪ್ಪಿಗೆ ಕೊಟ್ಟರು. ಸರಿ, ನಮ್ಮ ಅಳತೆಯ ಮೇಲೆ ಎಲ್ಲ ನಿಂತಿತು.

ಗವಿಯಲ್ಲಿ ಅಳತೆ ಶುರುವಾಗಿ ನಾಲ್ಕನೆಯ ದಿನ, ಇಕ್ಕಟ್ಟಿನಲ್ಲಿ ನಮ್ಮ ನಾರಿನ ಟೇಪಿನ ತುದಿಯ ಉಂಗುರ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಆ ಹುಡುಗಿ ಆ ಕಡೆಯಿಂದ ಜಗ್ಗಿದಳು, ನಾನು "ತಡಿ ತಡಿ" ಎನ್ನುವಷ್ಟರಲ್ಲಿ ಉಂಗುರ ಕಿತ್ತುಕೊಂಡು ಬಂತು. ಟೇಪಿನ ಮೊದಲ ಕೆಲವು ಸೆಂಟಿಮೀಟರು ಎಳೆ ಎಳೆಯಾಯಿತು. ನನಗೆ ಮೂಗಿನ ಮೇಲೇ ಸಿಟ್ಟು. ಅವಳಿಗೆ ಬಾಯಿಗೆ ಬಂದಂತೆ ಬೈದೆ. "ಎಮ್ಮಿ ಹಗ್ಗ ಜಗ್ಗಿದಂಗ ಜಗ್ಗತೀಯಲ್ಲ, ಕೈಯಾಗ ಹದ ಬ್ಯಾಡೇನು" ಎಂದೆ. ಪಾಪ, ಅವಳ ಕಣ್ಣು ತುಂಬಿ ಬಂತು. ಸರ್ ಟೇಪಿನ ಗತಿ ಏನು ಎಂದು ಈಚೆಯಿಂದ ಕೇಳಿದರು. ನಾನು ಸರಿ ಮಾಡುತ್ತೇನೆ ಸರ್, ಗೌಂಡಿಯ ಮಗಳು ನಾನು ಎಂದೆ. ಚಾಕುವಿನಿಂದ ಹರಿದ ಎಳೆಗಳನ್ನು ನೀಟಾಗಿ ಕತ್ತರಿಸಿ ತೆಗೆದೆ. ಆಯಿತು ಎಂದೆ. ಅವರು ಭೇಷ್ ಎಂದರು. ಕೆಲಸ ಮುಂದುವರಿಯಿತು. ಕೆಂಪು ಉಗುರು ಬಣ್ಣವೂ ಸರಿಯಾಗಿ ಆ ಹೊತ್ತಿಗೇ ಮುಗಿದು, ಮುಂದಿನ ಗುರುತಿಗೆ ವೈನಿಯ ಮಗಳ ಹತ್ತಿರವಿದ್ದ ನೇರಳೆ ಬಣ್ಣದ ಬಾಟಲಿ ಇಸಿದುಕೊಂಡು ಬಂದದ್ದು ಇನ್ನೂ ನೆನಪಿದೆ.

ಆಮೇಲೆ ಎಂಟು ದಿನ ಅಳೆದೆವು. ಟೇಪು ಒರೆಸಿ ಸುತ್ತಿಡುವುದು ನನ್ನ ಜವಾಬ್ದಾರಿ, ಬೇರೆಯವರು ಮುಟ್ಟಿದರೆ ನಾನು ಸುಮ್ಮನಿರುತ್ತಿರಲಿಲ್ಲ. ನಕ್ಷೆ ಮುಗಿಯಿತು. ಸರ್ ತಮ್ಮ ಬೇರೆ ಉದ್ದ ಟೇಪಿನಿಂದ ಮೇಲಿನ ಕಾಡಿನಲ್ಲಿ ಅಳೆದು, ಮತ್ತಿ ಮರದ ಆಚೆ ಒಂದು ಗೂಟ ಹೊಡೆಸಿದರು. ವೈನಿ ಗೂಟಕ್ಕೆ ಕುಂಕುಮ ಹಚ್ಚಿದಳು. ಸೋಮವಾರ ತೆಂಗಿನಕಾಯಿ ಒಡೆದು ಅಗೆಯಲು ಶುರು ಎಂದು ನಿಶ್ಚಯವಾಯಿತು. ನಾನು ಶನಿವಾರ ಮನೆಗೆ ಹೊರಟೆ. ನನ್ನ ಕೈಯ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪು ಇರುವುದಿಲ್ಲ ಎಂದು ಹೊರಡುವ ಮುಂಚೆ ವೈನಿಗೆ ಹೇಳಿದ್ದೆ.

ಭಾನುವಾರ ಮಧ್ಯಾಹ್ನ ಮಂಗೋರ್ ಹಿಲ್‌ನ ಮನೆಯಲ್ಲಿ ಅಪ್ಪ ಪಾತ್ರೆ ಇಡಲು ಗೋಡೆಗೊಂದು ಹಲಗೆ ಬಡಿಯಬೇಕೆಂದ. ಅವನ ಒಂದು ಕಣ್ಣಿಗೆ ಆಗ ತಾನೇ ಪೊರೆ ತೆಗೆಸಿದ್ದೆವು. ಹಳೆಯ ಟೇಪು ತೆಗೆದ. ನಾನು ಗೋಡೆಯ ಮೂಲೆಗೆ ಹಿಡಿದೆ. ಅವನು ಆ ಕಡೆ ಕಣ್ಣು ಕಿರಿದು ಮಾಡಿ ಅಂಕಿ ನೋಡುತ್ತಾ, ಯಾವತ್ತೋ ಕೇಳುವುದನ್ನು ಬಿಟ್ಟಿದ್ದವನು, ಅವತ್ತು ಕೇಳಿದ.

"ಯವ್ವಾ, ಕಟ್ ಎಷ್ಟ?"

"ಹತ್ತ" ಎಂದೆ.

ಎಂದವಳು ನನ್ನ ಹೆಬ್ಬೆರಳು ನೋಡಿದೆ. ಅದು ಹತ್ತರ ಗೆರೆಯ ಮೇಲೆ ಕೂತಿತ್ತು. ಗವಿಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಟೇಪಿನ ಬಾಯಿ ಹೋದ ಕ್ಷಣದಿಂದ ನನ್ನ ಕೈ ತನ್ನ ಪಾಡಿಗೆ ಹತ್ತರ ಗೆರೆ ಹಿಡಿದಿತ್ತು. ಓದುವವಳಿಗೆ ಅದು ಗೊತ್ತಿರುತ್ತದೆ, ಅವಳು ಹತ್ತು ಕಳೆಯುತ್ತಾಳೆ ಎಂದು ಕೈಯೇ ತಿಳಿದುಕೊಂಡಿತ್ತು. ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅವಳೇನು ಗೌಂಡಿಯೇ? ಆಯಿತು ಎಂದದ್ದಕ್ಕೆ, ನಾನು ಉಂಗುರವನ್ನು ಮತ್ತೆ ಸೊನ್ನೆಗೇ ಸರಿಯಾಗಿ ಕೂರಿಸಿದ್ದೇನೆ ಎಂದು ಅವರಿಬ್ಬರೂ ತಿಳಿದಿದ್ದರು. ಓದಿದ ಪ್ರತಿ ಅಳತೆಯಲ್ಲೂ ಹತ್ತು ಸೆಂಟಿಮೀಟರು ಹೆಚ್ಚಿಗೆ ಬಂದಿತ್ತು. ಹತ್ತು ಹತ್ತು ಕೂಡಿ ಗೂಟ ಎಲ್ಲಿಗೆ ಹೋಗಿ ಬಿದ್ದಿರಬೇಕು?

"ಏನಾತಬೇ, ಮಾರಿ ಯಾಕ ಹಂಗಾತು?" ಎಂದ ಅಪ್ಪ.

ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟ. "ಫೋನ್ ಹಚ್ಚು" ಎಂದ.

ಆ ಕಾಡಿನಲ್ಲಿ ಫೋನು ಎಲ್ಲಿ ಹತ್ತಬೇಕು? ಹತ್ತು ಸಲ ಹಚ್ಚಿದೆ. ಆ ಹೊತ್ತಿಗೆ ಹೊರಟರೂ ಕಾಡಿನ ಬಸ್ಸು ಇರಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಕಿಟಕಿಗೆ ತಲೆ ಕೊಟ್ಟು ಕೂತಾಗ ಒಂದು ಕೆಟ್ಟ ಯೋಚನೆಯೂ ಬಂತು, ಮುಚ್ಚಿಟ್ಟು ಏನು ಪ್ರಯೋಜನ, ಬರೆಯುತ್ತೇನೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬಾವಿಯಲ್ಲಿ ನೀರು ಸಿಗದಿದ್ದರೆ ಕಲ್ಲಿನ ಮೇಲೆ, ನಕ್ಷೆಯ ಮೇಲೆ ತಪ್ಪು ಹೋಗುತ್ತದೆ. ನನ್ನ ಕೆಲಸ ಉಳಿಯುತ್ತದೆ. ಗವಿ ಕೆಲಸ ಎಂದರೆ ನನಗೆ ಅಷ್ಟು ಪ್ರೀತಿ, ಅದು ಹೋದರೆ ಮತ್ತೆ ಟೈಲ್ಸು, ಮತ್ತೆ ಸಿಮೆಂಟು. ಹೀಗೆ ಮೂರು ಸ್ಟಾಪು ಯೋಚಿಸಿದೆ. ಆಮೇಲೆ ವೈನಿಯ ಮಗಳ ನೇರಳೆ ಬಣ್ಣದ ಬಾಟಲಿ ನೆನಪಾಯಿತು. ಬಸ್ಸು ಇಳಿದವಳು ಎರಡು ತಾಸಿನ ದಾರಿಯನ್ನು ಒಂದೂವರೆ ತಾಸಿಗೆ ನಡೆದೆ.

ನಾನು ಹೋಗುವಷ್ಟರಲ್ಲಿ ಕಾಯಿ ಒಡೆದು, ಗೂಟದ ಸುತ್ತ ಮೊಣಕಾಲುದ್ದ ಅಗೆದಾಗಿತ್ತು.

"ನಿಲ್ಲಿಸ್ರಿ" ಎಂದು ದೂರದಿಂದಲೇ ಕೂಗಿದೆ. ಕನ್ನಡದಲ್ಲೇ ಕೂಗಿದೆ ಎಂದು ಕಾಣುತ್ತದೆ, ಆದರೂ ಎಲ್ಲರೂ ನಿಲ್ಲಿಸಿದರು.

ಸರ್ ಎದುರು ನಿಂತು ನಡೆದದ್ದನ್ನು ಹೇಳಿದೆ. ಟೇಪು ಬಿಚ್ಚಿ ಹೇಗೆ ಹಿಡಿಯುತ್ತಿದ್ದೆ ಎಂದು ತೋರಿಸಿದೆ. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತೇನೆ ಎನಿಸುತ್ತಿತ್ತು. ಆ ಧಾರವಾಡದ ಹುಡುಗಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ನಾನು ಅವಳಿಗೆ ಹೇಗೆ ಬೈದಿದ್ದೆನೋ ಹಾಗೆ ಅವಳೂ ಬೈಯಲಿ ಎಂದು ಕಾಯ್ದೆ. ಅವಳು "ನಾ ಕೇಳಬೇಕಿತ್ರಿ ಅಕ್ಕಾರ" ಎಂದಳು. ಬೈದಿದ್ದರೇ ಚಲೋ ಇತ್ತು.

ಸರ್ ಅಳತೆಯ ಪುಸ್ತಕ ತೆರೆದರು. ಆಮೇಲೆ, ಟೇಪು ಹರಿದದ್ದು ಯಾವ ಗುರುತಿನ ಹತ್ತಿರ ಎಂದು ಕೇಳಿದರು. ಅದೊಂದು ಮಾತ್ರ ನನಗೆ ಸರಿಯಾಗಿ ಗೊತ್ತಿತ್ತು. ಕೆಂಪು ಗುರುತುಗಳೆಲ್ಲ ಸರಿ, ನೇರಳೆ ಗುರುತುಗಳೆಲ್ಲ ತಪ್ಪು. ಪುಸ್ತಕದಲ್ಲಿ ಎಣಿಸಿದರೆ ಮೂವತ್ತೆಂಟು ನೇರಳೆ. ಗವಿ ಸೊಟ್ಟ ಸೊಟ್ಟ ಇದ್ದುದರಿಂದ ಅಷ್ಟೂ ಒಂದೇ ದಿಕ್ಕಿಗೆ ಹೋಗಿರಲಿಲ್ಲ. ಸರ್ ಪೆನ್ಸಿಲು ಹಿಡಿದು ಲೆಕ್ಕ ಮಾಡಿದರು. ಗೂಟ ಮೂರು ಮೀಟರಿಗೂ ಮಿಕ್ಕಿ ಮುಂದಕ್ಕೆ ಹೋಗಿತ್ತು. ಅಂದರೆ ಹೊಂಡವನ್ನು ದಾಟಿ.

ಅಗೆಯುತ್ತಿದ್ದ ಗಂಡಸರಿಗೆ ಸಿಟ್ಟು ಬಂತು, ಬಾರದೆ ಇರುತ್ತದೆಯೇ? ಇವತ್ತು ಮೂರು ಮೀಟರು ಹಿಂದೆ ಅನ್ನುತ್ತಾರೆ, ನಾಳೆ ಇನ್ನೆಲ್ಲಿಗೋ ಅನ್ನುತ್ತಾರೆ, ಈ ವಾಸ್ಕೋದವಳನ್ನು ನಂಬಿ ಬೆನ್ನು ಮುರಿದುಕೊಳ್ಳುವುದೇ ಎಂದು ಒಬ್ಬ ಪಿಕಾಸಿ ಎಸೆದ. ನನಗೂ ನಾಲಿಗೆಯ ತುದಿಗೆ ಮಾತು ಬಂತು, ಹಲ್ಲು ಕಚ್ಚಿ ನುಂಗಿಕೊಂಡೆ.

ವೈನಿ ಗುಂಪಿನಿಂದ ಮುಂದೆ ಬಂದಳು. "ಹೊಂಡದ ಹಿಂದಿನ ಗೋಡೆ ನನಗೆ ಗೊತ್ತು, ಅದಕ್ಕೆ ಒರಗಿ ಕೂತಿದ್ದೇನೆ. ಈ ಗೂಟದ ಕೆಳಗೆ ನೀರಿದೆಯೋ, ಆ ಗೋಡೆ ಇದೆಯೋ? ಒಂದೇ ಮಾತು ಹೇಳು ಬಾಯ್."

"ಗೋಡೆ" ಎಂದೆ.

ಅವಳು ಕೆಳಗಿಳಿದು, ತಾನೇ ಕುಂಕುಮ ಹಚ್ಚಿದ ಗೂಟವನ್ನು ಸೊಟ್ಟ ಕೈಯಿಂದ ಅಲ್ಲಾಡಿಸಿ ಕಿತ್ತು ಈಚೆ ಹಾಕಿದಳು.

ಸರ್ ಬರೀ ಕಳೆಯುವ ಲೆಕ್ಕವನ್ನು ನಂಬಲಿಲ್ಲ. ಎರಡು ದಿನ ಕೊಡಿ ಎಂದು ಗಂಡಸರನ್ನು ಕೇಳಿಕೊಂಡರು. ಹೊಸ ಟೇಪು ತಂದು ಮೂವತ್ತೆಂಟು ನೇರಳೆ ಗುರುತುಗಳನ್ನೂ ಮತ್ತೆ ಅಳೆದೆವು. ತುದಿ ಹಿಡಿಯುವ ಕೆಲಸ ಈ ಸಲ ಆ ಹುಡುಗಿಗೆ ಕೊಡಿ ಎಂದೆ. ಸರ್ ಒಪ್ಪಲಿಲ್ಲ. ನೀನೇ ಹಿಡಿ, ಆದರೆ ಏನು ಹಿಡಿದಿದ್ದೀ ಎಂದು ಪ್ರತಿ ಸಲ ಕೂಗಿ ಹೇಳು, ನಾನು ಅದನ್ನೂ ತಿರುಗಿ ಕೂಗುತ್ತೇನೆ ಎಂದರು. ಆ ಹುಡುಗಿ "ಕಟ್ ಎಷ್ಟ್ರಿ?" ಎಂದು ಕೇಳುವುದು, ನಾನು "ಸೊನ್ನಿ" ಎನ್ನುವುದು, ಈಚೆಯಿಂದ ಸರ್ ತಮ್ಮ ಕೊಂಕಣಿ ನಾಲಿಗೆಯಲ್ಲಿ "ಸೊನ್ನಿ" ಎನ್ನುವುದು. ಅವರು ಕಲಿತ ಮೊದಲ ಕನ್ನಡ ಮಾತು ಅದೇ. ಎರಡನೆಯ ದಿನ ಸಂಜೆ ಬಂದ ಲೆಕ್ಕಕ್ಕೂ ಪೆನ್ಸಿಲಿನ ಲೆಕ್ಕಕ್ಕೂ ಒಂದು ಗೇಣಿನ ಅಂತರ. ಗೂಟ ಮತ್ತಿ ಮರದ ಈಚೆಗೆ ಬಂತು.

ಆಮೇಲಿನ ಎರಡು ತಿಂಗಳು ನಾನು ಬೇರೆ ಗವಿಗಳಿಗೆ ಹೋಗಿ ಬರುತ್ತಿದ್ದರೂ ಮನಸ್ಸೆಲ್ಲ ಅಲ್ಲೇ. ಚಿರೇಕಲ್ಲು ಬೇಗ ಇಳಿಯಿತು. ಅದು ನನಗೆ ಗೊತ್ತಿದ್ದ ಕಲ್ಲು, ನಾನೂ ಪಿಕಾಸಿ ಹಿಡಿದೆ. ಪಿಕಾಸಿ ಎಸೆದಿದ್ದ ಮನುಷ್ಯನೇ ಒಂದು ದಿನ ಬುಟ್ಟಿ ನನ್ನ ಕಡೆ ಸರಿಸಿ, ತುಂಬು ಎಂದ. ಸುಣ್ಣದ ಕಲ್ಲು ಬಂದ ಮೇಲೆ ದಿನಕ್ಕೆ ಅರ್ಧ ಗೇಣು. ಮೇ ತಿಂಗಳಲ್ಲಿ ಮಧ್ಯಾಹ್ನದ ಮೋಡ ಕಟ್ಟತೊಡಗಿತು. ಮಳೆ ಬಂದರೆ ಗವಿ ಮುಳುಗುತ್ತದೆ, ಕೆಲಸ ನಿಲ್ಲುತ್ತದೆ. ಎಲ್ಲರೂ ಬಾವಿಗಿಂತ ಹೆಚ್ಚಾಗಿ ಆಕಾಶ ನೋಡುತ್ತಿದ್ದರು. ನಾನಂತೂ ನಮ್ಮೂರ ದೇವಿಗೆ ಹರಕೆ ಹೊತ್ತೆ. ಊರಿನವರೆಲ್ಲ ಮಳೆ ಕೇಳುವ ದೇವಿ ಅವಳು. ನಾನು ಹದಿನೈದು ದಿನ ಮಳೆ ತಡಿ ತಾಯಿ ಎಂದು ಬೇಡಿಕೊಂಡೆ.

ವೈನಿ ತನ್ನ ಸರದಿ ಬಂದಾಗಲೆಲ್ಲ ಬೆಳಿಗ್ಗೆ ನೀರಿಗೆ ಒಳಗೆ ಹೋಗುತ್ತಲೇ ಇದ್ದಳು. ನಾನು ವಾಡೆಯಲ್ಲಿದ್ದ ದಿನ ಅವಳ ಹಿಂದೆ ತೆವಳುತ್ತಿದ್ದೆ, ಸದ್ದು ಕೇಳಲಿಕ್ಕೆ. ಕ್ಯಾನು ತುಂಬಿದ ಮೇಲೆ ಹೊಂಡದ ಹತ್ತಿರ ನಿಲ್ಲಬಾರದು ಎಂದು ಸರ್ ಕಟ್ಟಪ್ಪಣೆ ಮಾಡಿದ್ದರು. ಓಣಿಯ ತಿರುವಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂರುತ್ತಿದ್ದೆವು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಯಾರದೋ ಮನೆಯಲ್ಲಿ ಒನಕೆ ಕುಟ್ಟಿದಷ್ಟು. ಆಮೇಲೆ ನೀರಿನ ಮೇಲೆ ನಡುಕ.

ಮೇ ಕೊನೆಯ ವಾರದ ಒಂದು ಬೆಳಿಗ್ಗೆ ವೈನಿ ಹೊಂಡದಲ್ಲಿ ಕ್ಯಾನು ತುಂಬಿಕೊಂಡು ತಿರುವಿಗೆ ಬಂದು ನನ್ನ ಪಕ್ಕ ಕೂತಳು. ಮೇಲಿನ ಪೆಟ್ಟುಗಳು ಒಂದೇ ಸಮ ಬೀಳುತ್ತಿದ್ದವು. ಇದ್ದಕ್ಕಿದ್ದಂತೆ ಸದ್ದು ಬದಲಾಯಿತು. ಗಟ್ಟಿ ಕಲ್ಲಿನ ಸದ್ದು ಹೋಗಿ ಪೊಳ್ಳಿನ ಸದ್ದು. ಅದು ಗೌಂಡಿಗೆ ಹೇಳಿಕೊಡಬೇಕಾದ್ದಲ್ಲ. ನಾನು ವೈನಿಯ ಕೈ ಹಿಡಿದುಕೊಂಡೆ. ಚೂರು ಕಲ್ಲು ನೀರಿಗೆ ಬಿತ್ತು, ಆಮೇಲೆ ಒಂದು ದೊಡ್ಡ ಹೋಳು. ಧೂಳು ಇಳಿದ ಮೇಲೆ ನೋಡುತ್ತೇವೆ, ಹೊಂಡದ ನಟ್ಟ ನಡುವೆ, ನೀರಿನ ಮೇಲೆ, ತಟ್ಟೆಯಷ್ಟು ಬೆಳಕು.

ಮೇಲೆ ಗದ್ದಲ. ಅದರ ನಡುವೆ ಧಾರವಾಡದ ಹುಡುಗಿಯ ದನಿ.

"ಅಕ್ಕಾರ, ಅದೀರೇನ್ರಿ?"

"ಅದೇನಿ ತಂಗಿ."

"ಟೇಪು ಬಿಡಾಕತ್ತೇನಿ, ನೀರಿಗೆ ಹಚ್ಚಿ ಹಿಡೀರಿ." ಹಳದಿ ಟೇಪು ಬೆಳಕಿನಲ್ಲಿ ತಿರುಗುತ್ತಾ ಇಳಿಯಿತು. ಹೊಂಡದ ಅಂಚಿಗೆ ಹೋಗಿ, ಕೈ ಚಾಚಿ, ತುದಿಯನ್ನು ನೀರಿಗೆ ಮುಟ್ಟಿಸಿದೆ. ಮೇಲಿನಿಂದ ಅವಳು ಕೇಳಿದಳು, "ಕಟ್ ಎಷ್ಟ್ರಿ?"

"ಸೊನ್ನಿ" ಎಂದೆ.

"ಸೊನ್ನಿ" ಎಂದರು ಮೇಲಿನಿಂದ ಸರ್.

ಟೇಪು ಮೇಲೆ ಹೋದ ಮೇಲೆ, ತೂತನ್ನು ಇಷ್ಟಿಷ್ಟೇ ದೊಡ್ಡದು ಮಾಡುತ್ತೇವೆ, ತಿರುವಿಗೆ ಸರಿಯಿರಿ ಎಂದರು. ಸರಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಹಗ್ಗ ಇಳಿದು ಬಂತು. ವೈನಿ ಮುಂಜಾನೆ ತುಂಬಿಟ್ಟಿದ್ದ ಕ್ಯಾನನ್ನು ಅದಕ್ಕೆ ಕಟ್ಟಿದಳು. ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. "ಎಳೆಯಿರಿ" ಎಂದಳು. ಕ್ಯಾನು ಗೋಡೆಗೆ ತಾಗುತ್ತಾ, ನೀರು ತುಳುಕಿಸುತ್ತಾ ಮೇಲೆ ಹೋಯಿತು. ಅದು ಕಾಣದಾಗುವವರೆಗೂ ಅವಳು ಕತ್ತೆತ್ತಿ ನೋಡುತ್ತಿದ್ದಳು. ಮೇಲೆ ಮೊದಲು ಅದನ್ನು ಹಿಡಿದುಕೊಂಡದ್ದು ಅವಳ ಮಗಳು ಎಂದು ಆಮೇಲೆ ತಿಳಿಯಿತು.

ನಾವಿಬ್ಬರೂ ಬಂದ ದಾರಿಯಲ್ಲೇ ಈಚೆ ಹೊರಟೆವು. ಓಣಿ ಕಳೆದು ಇಕ್ಕಟ್ಟು ಬಂತು. ವೈನಿ ಮುಂದೆ, ನಾನು ಹಿಂದೆ, ಹೊಟ್ಟೆಯ ಮೇಲೆ. ನನ್ನ ಹಣೆಯ ಬ್ಯಾಟರಿ ಬೆಳಕು ಅವಳ ಮೇಲಿತ್ತು. ಅವಳು ಒಂದು ಮೊಳ ತೆವಳಿ ನಿಂತು, ಸೊಟ್ಟ ಕೈಯನ್ನು ಮುಂದೆ ಚಾಚಿ ತಳ್ಳಿದಳು. ಮತ್ತೆ ಒಂದು ಮೊಳ ತೆವಳಿ, ಮತ್ತೆ ತಳ್ಳಿದಳು. ಅಲ್ಲಿ ತಳ್ಳಲು ಕ್ಯಾನು ಇರಲಿಲ್ಲ. ಮೂರನೆಯ ಸಲ ಕೈ ಚಾಚಿದಾಗ ಅವಳಿಗೇ ಗೊತ್ತಾಯಿತು. ಕೈಯನ್ನು ಹಾಗೇ ಕಲ್ಲಿನ ಮೇಲೆ ಬಿಟ್ಟು, ಹಣೆ ನೆಲಕ್ಕೆ ಹಚ್ಚಿ ನಗಲಿಕ್ಕೆ ಶುರು ಮಾಡಿದಳು. ನಾನೂ ಅವಳ ಹಿಮ್ಮಡಿ ಹಿಡಿದುಕೊಂಡು ಅಲ್ಲೇ ನಕ್ಕೆ.